ಟವಲಿನ ಮೂಲೆಯ ಬೆಲ್ಲ

ಕೊಪ್ಪ
೧೪–೧೧–೧೯೪೩

ಚಿ॥ ಸೌ॥ ಯಶೋದೆಗೆ,

ಈ ಕೆಳಗೆ ರುಜು ಮಾಡಿರುವ ಸಿದ್ದರಾಮು, ಬಿ.ಎ., ಕೊಪ್ಪದ ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರು, ಯಾರ ಬಲವಂತವೂ ಇಲ್ಲದೆ ಸ್ವಸ್ಥ ಚಿತ್ತದಿಂದ ಒಪ್ಪಿಕೊಳ್ಳುವುದೇನೆಂದರೆ: ನಿನ್ನೆ ಬೆಳಿಗ್ಗೆ, ನನ್ನ ಒಡಹುಟ್ಟಿದ ಅಣ್ಣನೂ ನಿನ್ನ ತಂದೆಯೂ ಆದ ಬೋರಯ್ಯನವರು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ, ಅವರು ಗೋಡೆಯ ಮೇಲೆ ಹಾಕಿದ್ದ ಟವಲಿನ ಮೂಲೆಯ ಗಂಟು ಬಿಚ್ಚಿ, ಅದರೊಳಗಿದ್ದ ಬೆಲ್ಲದ ಚೂರೊಂದನ್ನು ನಾನು ಕದ್ದಿರುತ್ತೇನೆ. ಮಾಲು ಸಿಕ್ಕುವುದಿಲ್ಲ. ಕೊಟ್ಟಿಗೆಯ ಕೆಂದ ಹಸು ಅದನ್ನು ಆಗಲೇ ನುಂಗಿದೆ, ಸಾಕ್ಷಿ ಹೇಳುವ ಅಭ್ಯಾಸವೂ ಅದಕ್ಕಿಲ್ಲ. ಕನ್ನಡದಲ್ಲಿ ನನಗೆ ಸಲ್ಲಬೇಕಾದ ಬಿರುದು ಸಿದ್ಧವಾಗಿಯೇ ಇದೆ: ಗಂಟುಗಳ್ಳ. ಇಷ್ಟು ವರ್ಷ ಹೆಸರಿನ ಮುಂದೆ ಬಿ.ಎ. ಒಂಟಿಯಾಗಿತ್ತು. ಇನ್ನು ಅದಕ್ಕೂ ಒಂದು ಜೊತೆಯಾಯಿತು.

ನಕ್ಕಾಯಿತೆ? ಇನ್ನು ಮುಂದಿನದನ್ನು ಓದು. ನಿನ್ನ ಅಪ್ಪನಿಗೆ ಬಂದಿರುವುದು ಸಕ್ಕರೆ ಕಾಯಿಲೆ.

ದಸರೆಗೆ ಬಂದಾಗ ಅವನು ಇಳಿದುಹೋದದ್ದನ್ನು ನೀನೇ ನೋಡಿ ಹೋದೆ. ಆಮೇಲೆ ಇನ್ನೂ ಹೆಚ್ಚಾಯಿತು. ಬಾವಿ ಬತ್ತುವಷ್ಟು ನೀರು ಕುಡಿಯುವುದು, ಕುಡಿದದ್ದನ್ನು ಬೇಲಿಯ ಮರೆಗೆ ಹೋಗಿ ಒಪ್ಪಿಸಿ ಬರುವುದು, ಇದೇ ಕೆಲಸ. ಅವನು ಎದ್ದು ಬಂದ ಜಾಗಕ್ಕೆ ಇರುವೆಗಳು ಮದುವೆಮನೆಗೆ ಹೊರಟ ಹಾಗೆ ಸಾಲುಗಟ್ಟುತ್ತಿದ್ದವು. ಮಂಡ್ಯಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಗಾಜಿನ ನಳಿಗೆಗೆ ನೀಲಿ ಔಷಧಿ ಹೊಯ್ದು, ಅಣ್ಣನ ಮೂತ್ರದ ಕೆಲವು ಹನಿ ಬಿಟ್ಟು, ದೀಪದ ಮೇಲೆ ಹಿಡಿದು ಕುದಿಸಿದರು. ನೀಲಿ ಹೋಗಿ ಇಟ್ಟಿಗೆಯ ಕೆಂಪು ಬಂತು. ಪಾಕ ಬಂತಲ್ಲ ಎಂದೆ. ಅಣ್ಣ ನಕ್ಕ, ಡಾಕ್ಟರು ನಗಲಿಲ್ಲ. ಆ ಕೆಂಪು ಕಂಡ ಕ್ಷಣವೇ ನಾನು ಅಣ್ಣನ ಕೈ ಹಿಡಿದು ಶಪಥ ಮಾಡಿದೆ, ಅಣ್ಣನಿಗಿಲ್ಲದ ಸಿಹಿ ಇನ್ನು ನನಗೂ ಇಲ್ಲ. ಅಂದಿನಿಂದ ನಿನ್ನ ಚಿಕ್ಕಪ್ಪ ಕಾಫಿಯನ್ನೂ ಕಷಾಯದಂತೆ ಕುಡಿಯುವ ತಪಸ್ವಿ.

ಮದ್ದಿನ ಹೆಸರು ಇನ್ಸುಲಿನ್. ದಿನಾ ಬೆಳಿಗ್ಗೆ ಅದನ್ನು ತೊಡೆಗೆ ಚುಚ್ಚಬೇಕು. ಕಾಂಪೌಂಡರು ನನಗೆ ಸೂಜಿ ಹಿಡಿಯುವುದನ್ನು ಕಲಿಸಿಕೊಟ್ಟರು. ಪಥ್ಯದ ವಿವರವನ್ನು ಡಾಕ್ಟರೇ ನಮ್ಮನ್ನು ಒಳಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು. ಅಣ್ಣ ಕೋಲೆ ಬಸವನ ಹಾಗೆ ತಲೆದೂಗುತ್ತಿದ್ದ. ಅಕ್ಷರ ಅಕ್ಷರವೂ ಅರ್ಥವಾದದ್ದು ನನಗೆ. ಬೆಲ್ಲದ ಗಾಡಿ ಹೊಡೆದು ಹೊಡೆದು ಅಣ್ಣ ನನ್ನನ್ನು ಮೈಸೂರಿನ ಕಾಲೇಜಿನಲ್ಲಿ ಓದಿಸಿದ್ದು ಅವತ್ತು ಸಾರ್ಥಕವಾಯಿತು.

ಅಂಥ ನಾನು ಕಾವಲಿರುವಾಗ ಅವನು ಟವಲಿನಲ್ಲಿ ಬೆಲ್ಲ ಕಟ್ಟಿಕೊಂಡು ತಿರುಗುತ್ತಾನೆಂದರೆ! ಹುಟ್ಟಿದಾಗಿನಿಂದ ಅಚ್ಚು ಬೆಲ್ಲವೇ ಅವನಿಗೆ ಅಚ್ಚುಮೆಚ್ಚು. ಅದಕ್ಕೇ ಈ ಕಳ್ಳತನ. ನೀನು ಹೆದರಬೇಡ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಚಿಕ್ಕಪ್ಪ,
ಸಿದ್ದರಾಮು


ಬೆಳಕವಾಡಿ
೨೮–೧೧–೧೯೪೩

ತೀರ್ಥರೂಪು ಚಿಕ್ಕಪ್ಪನವರಿಗೆ ಯಶೋದೆಯ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಒಲೆಯ ಮುಂದೆ ಕೂತು ಅತ್ತೆ. ಇವರು ಪವರ್ ಹೌಸಿನಿಂದ ಬಂದವರು ಏನೋ ಆಗಿದೆಯೆಂದು ಗಾಬರಿಯಾದರು. ಇವರ ಜೊತೆ ಕೆಲಸ ಮಾಡುವ ಒಬ್ಬರ ತಂದೆ ಇದೇ ಕಾಯಿಲೆಯಲ್ಲಿ ಕಾಲು ಕೊಳೆತು ಹೋದರಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ಚಿಕ್ಕಪ್ಪ, ನೀವು ಕದ್ದದ್ದು ಒಳ್ಳೆಯದಾಯಿತು. ಇನ್ನೂ ಕದಿಯಿರಿ. ಅಪ್ಪ ಯಾರ ಮಾತನ್ನೂ ಕೇಳುವವರಲ್ಲ. ಅವ್ವ ಇದ್ದಿದ್ದರೆ ಬೇರೆ ಮಾತು. ಮನೆಯಲ್ಲಿ ಒಂದು ಹರಳು ಬೆಲ್ಲ ಕೂಡ ಇರದಂತೆ ಚಿಕ್ಕಮ್ಮನಿಗೆ ಹೇಳಿ. ಅಂಗಡಿಯವರಿಗೂ ಹೇಳಿ. ಡಾಕ್ಟರು ಹೇಳಿದ್ದನ್ನು ಕೇಳಿ ತಿಳಿದುಕೊಳ್ಳಲು ನೀವೊಬ್ಬರು ಇದ್ದೀರಲ್ಲ ಎಂಬುದೇ ನನಗೆ ಧೈರ್ಯ.

ನಾನೇ ಬರುತ್ತಿದ್ದೆ. ಅತ್ತೆಗೆ ಸೊಂಟ ಹಿಡಿದು ಎದ್ದು ಓಡಾಡುವಂತಿಲ್ಲ. ಬಸ್ಸೂ ಈಗ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತದೆ, ದಿಣ್ಣೆ ಬಂದಾಗ ಇಳಿದು ತಳ್ಳಬೇಕು. ಅಪ್ಪ ಈ ಮನೆಗೆ ಒಂದು ಸಲವೂ ಬಂದಿಲ್ಲ. ಮದುವೆಯಲ್ಲಿ ಬೀಗರ ನಡುವೆ ನಡೆದ ಮಾತನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೋ ಏನೋ, ನಾನು ಕೇಳಿಲ್ಲ. ಈಗ ನಮ್ಮ ಮನೆಗೆ ಕರೆಂಟು ದೀಪ ಬಂದಿದೆ. ಅದರ ಕೆಳಗೆ ಅವರನ್ನು ಕೂರಿಸಿ ಒಂದು ತುತ್ತು ಬಡಿಸಬೇಕೆಂದು ಬಹಳ ಆಸೆ. ಸಂಕ್ರಾಂತಿ ಕಳೆದ ಮೇಲಾದರೂ ಬರಲು ಹೇಳಿ. ನೀವು ಹೇಳಿದರೆ ಬರುತ್ತಾರೆ.

ಇತಿ ನಿಮ್ಮ ಮಗಳು,
ಯಶೋದೆ


ಕೊಪ್ಪ
೨೦–೧೨–೧೯೪೩

ಚಿ॥ ಸೌ॥ ಯಶೋದೆಗೆ ಆಶೀರ್ವಾದ.

ನಿನ್ನ ಅಪ್ಪಣೆಯ ಮೇರೆಗೆ ಕೊಪ್ಪದ ಕೋಟೆ ಭದ್ರವಾಗಿದೆ. ಶತ್ರುವಿನ ಹೆಸರು ಬೆಲ್ಲ, ಸೇನಾಪತಿ ನಾನು. ಮನೆಯ ಬೆಲ್ಲದ ಗುಡಾಣವನ್ನು ನಿನ್ನ ಚಿಕ್ಕಮ್ಮ ಚಿಕ್ಕಬೋರಮ್ಮ ತನ್ನ ತವರಿಗೆ ಸಾಗಿಸಿದಳು. ಅಂಗಡಿಯ ಬಾಬು ಜಾನ್‌ಗೆ ಹೋಗಿ ಹೇಳಿದೆ. ಆತ ಗಡ್ಡ ನೀವಿಕೊಂಡು, ನಲವತ್ತು ವರ್ಷದ ಸ್ನೇಹಿತನಿಗೆ ಕಲ್ಲುಸಕ್ಕರೆಯ ಒಂದು ಹರಳನ್ನೂ ಇಲ್ಲವೆನ್ನಬೇಕೆ ಎಂದು ಕೊರಗಿದ. ಪ್ರಾಣ ಮುಖ್ಯವೋ ಸ್ನೇಹ ಮುಖ್ಯವೋ ಎಂದು ಕೇಳಿದೆ. ಒಪ್ಪಿಕೊಂಡ.

ಕಷ್ಟವಾದದ್ದು ಆಲೆಮನೆಯ ಮಾದಯ್ಯನನ್ನು ಒಪ್ಪಿಸುವುದು. ಸಂಕ್ರಾಂತಿ ಕಳೆದ ಮೇಲೆ ನಮ್ಮ ಗಾಣ ಹೂಡುತ್ತೇವೆ, ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುವವನು ಅವನೇ. ನಮ್ಮ ಸೀಮೆಯ ನಡಾವಳಿ ನಿನಗೆ ಗೊತ್ತಲ್ಲ. ದಾರಿಹೋಕನೇ ಬರಲಿ, ತಪ್ಪಿಸಿಕೊಂಡ ದನ ಹುಡುಕುವವನೇ ಬರಲಿ, ಮಾತು ಬಿಟ್ಟ ದಾಯಾದಿಯೇ ಬರಲಿ, ಆಲೆಮನೆಗೆ ಬಂದವನಿಗೆ ಒಂದು ಲೋಟ ಕಬ್ಬಿನ ಹಾಲು, ಅಂಗೈ ಮೇಲೆ ಒಂದು ಉಂಡೆ ಬಿಸಿ ಬೆಲ್ಲ ಕೊಡದೆ ಕಳಿಸುವಂತಿಲ್ಲ. ಮಾದಯ್ಯ ನನ್ನ ಮಾತು ಕೇಳಿ ಬಹಳ ಹೊತ್ತು ತಲೆ ಕೆರೆದುಕೊಂಡ.

'ಕಬ್ಬು ಅವ್ರದು, ಕೊಪ್ಪರಿಗೆ ಅವ್ರದು. ಇಲ್ಲ ಅನ್ನೋಕೆ ನಂಗೆ ಬಾಯಿ ಬತ್ತದಾ ಮೇಸ್ಟ್ರೇ?'

ಒಲೆ ಮುಟ್ಟಿಸಿ ಆಣೆ ಹಾಕಿಸಿದೆ. ಊರಿಗೆಲ್ಲ ಕೊಡು, ಅಣ್ಣನಿಗೆ ಮಾತ್ರ ಕೊಡಬೇಡ ಎಂದು. ಅಕ್ಕರೆ ಇದ್ದಲ್ಲಿ ಸಕ್ಕರೆ ಇರಕೂಡದು ಎಂಬುದು ನನ್ನ ಹೊಸ ವ್ಯಾಕರಣ.

ಅಣ್ಣನ ಮೈಗೆ ಮಾತ್ರ ಮದ್ದು ಒಗ್ಗಿದೆ. ನೀರಡಿಕೆ ಇಲ್ಲ, ಇರುವೆಗಳು ಬೇರೆ ಊರಿಗೆ ವರ್ಗವಾಗಿವೆ. ಆದರೆ ಒಂದು ಸಂಗತಿಯನ್ನು ನಿನ್ನಿಂದ ಮುಚ್ಚಿಡಬಾರದು. ಅವನು ಮತ್ತೆ ಹೆಂಡಕ್ಕೆ ಹೋಗುತ್ತಿದ್ದಾನೆಂದು ನನ್ನ ಗುಮಾನಿ. ಬೆಳಿಗ್ಗೆ ಸೂಜಿ ಹಾಕಿಸಿಕೊಂಡು ಗದ್ದೆಗೆ ಹೋಗುತ್ತಾನೆ. ಬುತ್ತಿ ಹೋಗುವುದು ಸ್ವಲ್ಪ ತಡವಾದರೆ ಸಾಕು, ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು, ಇಲ್ಲದ ಸಿಟ್ಟು. ಮೊನ್ನೆ ಬದುವಿನ ಮೇಲೆ ಕೂತು ಎತ್ತುಗಳಿಗೆ ಏನೋ ಬುದ್ಧಿವಾದ ಹೇಳುತ್ತಿದ್ದ. ಊಟ ಮಾಡಿಸಿ ಮಲಗಿಸಿದ ಮೇಲೆ ಏನೂ ಆಗದವನಂತೆ ಎದ್ದ. ಬಾಯಿ ಮೂಸಿದೆ. ವಾಸನೆ ಇರಲಿಲ್ಲ. ಜಾಣ ಕುಡುಕ.

ಸಂಜೆ ಜಗಲಿಯ ಮೇಲೆ ಕೂರಿಸಿಕೊಂಡು ಕೇಳಿದೆ. ಅವನು ಕೊಟ್ಟ ಸಮಜಾಯಿಷಿ ಕೇಳು.

'ಕುಡ್ದಿಲ್ಲ ಕಣ್ಲಾ ಸಿದ್ದ. ಸೂಜಿ ಮದ್ದು ಒಂದೊಂದ್ ಕಿತ ಜಾಸ್ತಿ ಆಯ್ತದಂತೆ. ಆಗ ಒಸಿ ಬೆಲ್ಲ ಬಾಯ್ಗಾಕ್ಕೊ ಅಂತ ಡಾಕ್ಟ್ರೇ ಏಳವ್ರೆ. ಅದ್ಕೇ ಟವಲ್ನಾಗೆ ಮಡಿಕ್ಕಂಡಿದ್ದೆ. ನೀನು ಕಿತ್ಕಂಡೆ.'

ಸಕ್ಕರೆ ಕಾಯಿಲೆಯವನಿಗೆ ಡಾಕ್ಟರೇ ಬೆಲ್ಲ ತಿನ್ನಲು ಹೇಳಿದರಂತೆ! ನಾನು ನಕ್ಕ ನಗೆಗೆ ಕೊಟ್ಟಿಗೆಯ ಹಸು ತಿರುಗಿ ನೋಡಿತು. ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವನು ಇಲ್ಲಿ ಎದುರಿಗೇ ಕೂತಿದ್ದಾನೆ, ಬೇರೆ ಯಾರಿಗಾದರೂ ಈ ಕಥೆ ಹೇಳು ಎಂದೆ. ಅಣ್ಣ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಏನೋ ಹೇಳಲು ಬಾಯಿ ತೆರೆದವನು, ನಿನ್ನ ಚಿಕ್ಕಮ್ಮ ಹೊಸಿಲಿಗೆ ಬಂದದ್ದನ್ನು ನೋಡಿ ಸುಮ್ಮನಾದ. ಸಿಕ್ಕಿಬಿದ್ದ ಕಳ್ಳನ ಲಕ್ಷಣ.

ನೀನೂ ಅವನಿಗೆ ಎರಡು ಮಾತು ಬರೆ. ಮಗಳ ಮಾತು ನಾಟುತ್ತದೆ.

ನಿನ್ನ ಚಿಕ್ಕಪ್ಪ,
ಸಿದ್ದರಾಮು


ಬೆಳಕವಾಡಿ
೨–೧–೧೯೪೪

ಅಪ್ಪನವರಿಗೆ ಯಶೋದೆ ಮಾಡುವ ನಮಸ್ಕಾರಗಳು.

ಇದನ್ನು ಚಿಕ್ಕಪ್ಪನ ಕೈಲಿ ಓದಿಸಿಕೊಳ್ಳಿ. ಅಪ್ಪ, ನೀವು ಮತ್ತೆ ಕುಡಿಯುತ್ತಿದ್ದೀರೆಂದು ಕೇಳಿ ನನಗೆ ಇಲ್ಲಿ ತಲೆ ಎತ್ತಲಾಗುತ್ತಿಲ್ಲ. ಅವ್ವನ ಹೆಣದ ಮುಂದೆ ಬಿಟ್ಟೆನೆಂದು ಹೇಳಿದ್ದಿರಿ. ಕಾಯಿಲೆ ಇಟ್ಟುಕೊಂಡು ಬೆಲ್ಲವನ್ನೂ ಕದ್ದು ತಿನ್ನುತ್ತೀರಂತೆ, ಕೇಳಿದರೆ ಡಾಕ್ಟರ ಹೆಸರು ಹೇಳುತ್ತೀರಂತೆ. ನಾನೇನು ನಿಮ್ಮನ್ನು ಅಷ್ಟು ಬೇಗ ಕಳೆದುಕೊಳ್ಳಬೇಕೆ?

ನನ್ನ ಮೇಲೆ ಆಣೆ ಇದೆ. ಹೆಂಡ, ಬೆಲ್ಲ ಎರಡನ್ನೂ ಮುಟ್ಟಬೇಡಿ. ಮುಟ್ಟುವುದಾದರೆ ಈ ಮನೆಗೆ ಬರಬೇಡಿ.

ಇತಿ,
ಯಶೋದೆ


ಕೊಪ್ಪ
೯–೧–೧೯೪೪

ಯಸೋದಾ,

ನಿನ್ ಕಾಗ್ದ ನಿನ್ ಚಿಕ್ಕಪ್ಪ ಓದಿ ಏಳ್ದ. ಇದ್ನ ಅವನ್ ಕೈಲಿ ಬರೆಸ್ನಿಲ್ಲ, ಬಾಬು ಜಾನ್ ಅಂಗಡೀಲಿ ಕೂತು ಬರೆಸ್ತಾ ಇವ್ನಿ. ನಾನು ಕುಡ್ದಿಲ್ಲ ಕಣವ್ವ. ನಿಮ್ಮವ್ವ ಓದಾಗ್ಲಿಂದ ಎಂಡ ಮುಟ್ಟಿಲ್ಲ. ಮೈ ಬೆವರ್ತದೆ, ಕಣ್ಗೆ ಮಂಜು ಬತ್ತದೆ, ಆಡೋ ಮಾತು ನಂಗೇ ತಿಳಿಯಾಕಿಲ್ಲ. ಒಸಿ ಬೆಲ್ಲ ತಿಂದ್ರೆ ಸರಿಓಯ್ತದೆ. ಸಿದ್ದ ನಂಬಾಕಿಲ್ಲ. ಅವನ್ಗೂ ಗೊತ್ತಿಲ್ಲ ಬುಡು. ಅವನ್ ಮೇಲೆ ನೀನು ಏನೂ ಬೇಜಾರು ಮಾಡ್ಕಬ್ಯಾಡ. ಓದ್ದೋನು, ನಮ್ ಒಳ್ಳೇದ್ಕೇ ಮಾಡ್ತಾನೆ.

ನಿನ್ ಮೇಲೆ ಆಣೆ ಆಕಿದ್ದೀಯಲ್ಲ, ಇನ್ ಬೆಲ್ಲ ಮುಟ್ಟಾಕಿಲ್ಲ. ಗಾಣ ಹೂಡಿ ಮೊದ್ಲ ಕೊಪ್ಪರಿಗೆ ಇಳಿಸ್ದೇಟ್ಗೆ ನಿಂಗೆ ಬೆಲ್ಲ ತಕ್ಕಂಡ್ ಬತ್ತೀನಿ. ಮದ್ವೇಲಿ ಆದ್ ಮಾತು ನಾ ಆಗ್ಲೇ ಮರ್ತೆ. ನಿನ್ ಮನೆ ಕರೆಂಟು ದೀಪ ನೋಡ್ಬೇಕು ಕಣವ್ವ.

ನಿಮ್ಮಪ್ಪ,
ಬೋರಯ್ಯ (ಎಬ್ಬೆಟ್ಟು)

ಅವರು ಹೇಳಿದ ಹಾಗೇ ಬರೆದಿದ್ದೇನೆ ತಾಯಿ. ನನ್ನ ಅಂಗಡಿಯಿಂದ ಅವರಿಗೆ ಏನೂ ಕೊಟ್ಟಿಲ್ಲ. — ಬಾಬು ಜಾನ್


ಮಂಡ್ಯ
೨೭–೧–೧೯೪೪

ಯಶೋದಾ,

ತಂತಿ ಕಂಡು ಅಳಿಯಂದಿರು ಬಂದು ಹೋದರು. ನಿನ್ನನ್ನು ಯಾಕೆ ಕರೆತರಲಿಲ್ಲವೆಂದು ನಾನು ಕೇಳಲಿಲ್ಲ. ಅಣ್ಣನನ್ನು ಈ ಸ್ಥಿತಿಯಲ್ಲಿ ನೀನು ನೋಡದಿದ್ದದ್ದೇ ಸರಿ. ನಡೆದದ್ದನ್ನು ನಾನೇ ಬರೆಯಬೇಕು.

ಸೋಮವಾರ ನಮ್ಮ ಆಲೆಮನೆಯಲ್ಲಿ ಮೊದಲ ಕೊಪ್ಪರಿಗೆ. ಎಂದಿನಂತೆ ಬೆಳಿಗ್ಗೆ ಸೂಜಿ ಹಾಕಿ ನಾನು ಸ್ಕೂಲಿಗೆ ಹೋದೆ. ನಿನ್ನ ಚಿಕ್ಕಮ್ಮ ರೊಟ್ಟಿ ಬಡಿದು ಮುಂದಿಟ್ಟಳು. ಅಣ್ಣ ಮುಟ್ಟಲಿಲ್ಲ. ಮೊದಲ ಬೆಲ್ಲ ದೇವರಿಗೆ ಎಡೆಯಾಗುವವರೆಗೂ ಆಲೆಮನೆಯ ಯಜಮಾನ ಬಾಯಿಗೆ ಏನೂ ಹಾಕಬಾರದು. ನಮ್ಮ ಅಪ್ಪನೂ ಹಾಕುತ್ತಿರಲಿಲ್ಲ, ಅಜ್ಜನೂ ಹಾಕುತ್ತಿರಲಿಲ್ಲ. ಸೂಜಿ ಚುಚ್ಚಿದ ಮೇಲೆ ಊಟ ತಪ್ಪಿಸಬಾರದೆಂದು ನಾನು ಹೇಳಿರಲಿಲ್ಲ. ಹೇಳಬೇಕೆಂದು ನನಗೆ ತಿಳಿದಿರಲಿಲ್ಲ.

ಗಾಣದ ಒಂದು ಎತ್ತು ಕುಂಟಿತು. ಕಬ್ಬಿನ ಹಾಲು ತುಂಬುವುದು ತಡವಾಯಿತು, ಪಾಕ ಬರುವಷ್ಟರಲ್ಲಿ ಹೊತ್ತು ನೆತ್ತಿಯಿಂದ ಇಳಿದಿತ್ತು. ಪೂಜೆಯನ್ನು ಅಣ್ಣನೇ ಮಾಡಿದನಂತೆ. ಕೈ ನಡುಗಿ ಮಂಗಳಾರತಿ ತಟ್ಟೆ ಬಿತ್ತಂತೆ. ಒಲೆಯ ಕಾವಿಗೆ ಬೆವರುತ್ತಿದ್ದಾನೆಂದುಕೊಂಡರು. ಮಾದಯ್ಯ ಬಂದವರಿಗೆಲ್ಲ ಎಲೆಯ ಮೇಲೆ ಬಿಸಿ ಬೆಲ್ಲ ಹಂಚಿದ. ಕೊನೆಗೆ ಅಣ್ಣನೂ ಕೈಯೊಡ್ಡಿದ. ಮಗಳ ಮೇಲಿನ ಆಣೆಯನ್ನು ಮರೆತನೆಂದರೆ ಎಷ್ಟು ಸಂಕಟವಾಗಿತ್ತೋ ನೀನೇ ಯೋಚಿಸು. ಉಳಿದದ್ದನ್ನು ಮಾದಯ್ಯ ನನ್ನ ಮುಂದೆ ನೆಲ ನೋಡುತ್ತ ಹೇಳಿದ.

'ಒಸಿ ಕೊಡ್ಲಾ ಮಾದ ಅಂದ್ರು. ಮೇಸ್ಟ್ರು ಆಣೆ ಆಕ್ಸವ್ರೆ, ನಿಮ್ ಕಾಲ್ಗೆ ಬೀಳ್ತೀನಿ, ಕೇಳ್ಬ್ಯಾಡಿ ಅಂದೆ. ಇನ್ನೊಂದ್ ಕಿತ ಕೈ ಒಡ್ಡುದ್ರು. ನಾನು ಮಕ ತಿರುಗಿಸ್ಕಂಡೆ.'

ಆಮೇಲೆ ಮಾತು ತೊದಲಿತಂತೆ. ಪೂಜೆ ಮುಗಿಯುತ್ತಲೇ ಯಜಮಾನರು ಹೆಂಡದ ಮನೆಗೆ ಹೋಗಿ ಬಂದಿದ್ದಾರೆಂದು ಯಾರೋ ತಮಾಷೆ ಮಾಡಿದರಂತೆ. ಎಲ್ಲರೂ ನಕ್ಕರಂತೆ. ಆ ತಮಾಷೆಯನ್ನು ಊರಿಗೆ ಕಲಿಸಿದವನು ನಾನೇ. ಅಣ್ಣ ಹೋಗಿ ಕಬ್ಬಿನ ಸಿಪ್ಪೆಯ ಮೆದೆಗೆ ಒರಗಿ ಮಲಗಿದ. ಅಮಲು ಇಳಿಯಲಿ ಎಂದು ಯಾರೂ ಎಬ್ಬಿಸಲಿಲ್ಲ. ನಾನು ಸ್ಕೂಲು ಮುಗಿಸಿ ಬಂದು ಅಲುಗಿಸಿದೆ, ಕೂಗಿದೆ, ಕಪಾಳಕ್ಕೆ ಹೊಡೆದೆ. ಯಶೋದಾ, ಅಣ್ಣನ ಮೇಲೆ ನಾನು ಕೈಯೆತ್ತಿದ್ದು ಅದೇ ಮೊದಲು.

ಗಾಡಿ ಕಟ್ಟಿ ಮದ್ದೂರಿಗೆ, ಅಲ್ಲಿಂದ ರೈಲಿನಲ್ಲಿ ಇಲ್ಲಿಗೆ. ಡಾಕ್ಟರು ನೋಡಿದ ಕೂಡಲೇ ಸಕ್ಕರೆ ನೀರನ್ನು ರಕ್ತನಾಳಕ್ಕೆ ಬಿಟ್ಟರು. ಹೌದು, ಸಕ್ಕರೆ. ಮದ್ದು ಇದ್ದ ಸಕ್ಕರೆಯನ್ನೆಲ್ಲ ತಿಂದುಹಾಕಿತ್ತು, ಹೊಟ್ಟೆಯಲ್ಲಿ ಅನ್ನವಿರಲಿಲ್ಲ, ರಕ್ತದಲ್ಲಿ ಸಕ್ಕರೆ ತೀರ ಇಳಿದರೆ ಮೆದುಳು ಉಪವಾಸ ಬೀಳುತ್ತದಂತೆ. ಬೆವರು, ನಡುಕ, ತೊದಲು, ಎಲ್ಲವೂ ಅದರ ಮುನ್ಸೂಚನೆಯಂತೆ. ಹರೆಯದವರು ಚೇತರಿಸಿಕೊಂಡಾರು, ವಯಸ್ಸಾದವರು ಇಷ್ಟು ಹೊತ್ತು ಹಾಗೇ ಬಿದ್ದಿದ್ದರೆ ಕಷ್ಟ ಎಂದರು.

ಕಣ್ಣು ಬಿಟ್ಟಿದ್ದಾನೆ. ಅನ್ನ ನುಂಗುತ್ತಾನೆ. ಬೆಳಿಗ್ಗೆ ನನ್ನನ್ನು ನೋಡಿ, ತಾವು ಯಾರು ಬುದ್ಧಿ, ಎಂದು ಕೈ ಮುಗಿದ. ಹುಟ್ಟಿದಾಗಿನಿಂದ ನನ್ನನ್ನು ಲೇ ಎಂದವನು.

ಸಿದ್ದರಾಮು


ಬೆಳಕವಾಡಿ
೨೦–೩–೧೯೪೪

ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಊರಿನಿಂದ ಬಂದು ವಾರವಾಯಿತು. ಬರೆಯಲು ಕೈ ಬರಲಿಲ್ಲ. ನೀವು ಸ್ಕೂಲಿನಲ್ಲಿದ್ದಾಗ ಜಗಲಿಯ ಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ. ನಾನು ಅಪ್ಪನ ಎದುರು ಕೂತೆ. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಯಾವೂರವ್ವ ನಿಂದು? ಬಿಸ್ಲಾಗೆ ಬಂದಿದ್ದೀಯ' ಎಂದರು. ನಾನು ಯಶೋದೆ ಅಪ್ಪ ಎಂದೆ. ಅದು ಅವರಿಗೆ ಹತ್ತಲಿಲ್ಲ. ಒಳಗೆ ತಿರುಗಿ, 'ಲೇ ಮಾದ, ಈ ಅವ್ವಂಗೆ ಒಸಿ ಬೆಲ್ಲ ಕೊಡ್ಲಾ' ಎಂದು ಕೂಗಿದರು. ಯಾರೂ ಬರಲಿಲ್ಲ. ಆಮೇಲೆ ತಾವೇ ಬರಿಯ ಅಂಗೈಯನ್ನು ನನ್ನ ಮುಂದೆ ಹಿಡಿದರು. ನಾನು ಅದರಿಂದ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿದೆಯಾ ಎಂದು ಕೇಳಿದರು. ಹೌದು ಎಂದೆ.

ಅವರು ಬಾಬು ಜಾನ್ ಕೈಲಿ ಬರೆಸಿದ ಕಾಗದ ನನಗೆ ಬಂದಿತ್ತು. ಬೆಲ್ಲ ತಿಂದರೆ ಸರಿಹೋಗುತ್ತದೆಂದು ಅದರಲ್ಲಿತ್ತು. ನಾನು ನಂಬಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ಕುಡಿದಿಲ್ಲವೆಂದು ಮಗಳಿಗೆ ಹೇಳಿಕೊಳ್ಳಲು ಅವರು ಅಂಗಡಿಗೆ ಹೋಗಿ ಕೂರಬೇಕಾಯಿತಲ್ಲ, ಅದನ್ನೇ ನೆನೆಯುತ್ತಿರುತ್ತೇನೆ.

ಬರುವಾಗ ಮಂಡ್ಯದಲ್ಲಿ ಇಳಿದು ಡಾಕ್ಟರನ್ನು ಕಂಡೆವು. ಅವರು ಬೇಜಾರು ಪಟ್ಟುಕೊಂಡರು. ಮೊದಲ ದಿನವೇ ಹೇಳಿದ್ದೆನಲ್ಲಮ್ಮ, ಸೂಜಿ ಹಾಕಿದ ಮೇಲೆ ಊಟ ತಪ್ಪಿಸಬಾರದು, ಬೆವರಿ ನಡುಗಿದರೆ ತಕ್ಷಣ ಬೆಲ್ಲ ತಿನ್ನಬೇಕು, ಯಾವಾಗಲೂ ಒಂದು ಚೂರು ಹತ್ತಿರ ಇಟ್ಟುಕೊಳ್ಳಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದ್ದೆ ಎಂದರು.

ಚಿಕ್ಕಪ್ಪ, ಅವತ್ತು ನೀವು ಒಳಗೇ ಇದ್ದಿರಲ್ಲ? ಅಕ್ಷರ ಅಕ್ಷರವೂ ಅರ್ಥವಾಯಿತೆಂದು ಬರೆದಿದ್ದಿರಿ. ಮರೆತಿರಾ? ಇಲ್ಲ ಡಾಕ್ಟರೇ ಈಗ ತಪ್ಪು ಹೇಳುತ್ತಿದ್ದಾರೆಯೇ? ನೀವು ಹೇಳಿದ್ದನ್ನು ನಾನು ನಂಬುತ್ತೇನೆ. ಆದರೆ ಹೇಳಿ.

ಇತಿ,
ಯಶೋದೆ


ಕೊಪ್ಪ
೧೮–೪–೧೯೪೪

ಚಿ॥ ಸೌ॥ ಯಶೋದೆಗೆ ಆಶೀರ್ವಾದ.

ಯುಗಾದಿ ಆಯಿತು. ಅಣ್ಣ ಹೊಸ ಪಂಚೆ ಉಟ್ಟುಕೊಂಡು, ಇದು ಯಾರ ಮದುವೆ ಎಂದು ಕೇಳಿದ. ನಿನ್ನದೇ ಎಂದೆ. ನಾಚಿಕೊಂಡ. ಡಾಕ್ಟರು ಮದ್ದನ್ನು ಬಹಳ ಇಳಿಸಿದ್ದಾರೆ. ಊಟವಾದದ್ದನ್ನು ನೋಡಿದ ಮೇಲೇ ನಾನು ಸೂಜಿ ಮುಟ್ಟುತ್ತೇನೆ. ಮಾದಯ್ಯ ಪ್ರತಿ ಕೊಪ್ಪರಿಗೆಗೂ ಒಂದು ಅಚ್ಚು ತಂದು ಹೊಸಿಲ ಮೇಲಿಟ್ಟು ಹೋಗುತ್ತಾನೆ. ಬೇಡವೆಂದರೂ ತರುತ್ತಾನೆ. ಮನೆಯಲ್ಲಿ ಈಗ ಬೆಲ್ಲ ಇಡಲು ಜಾಗವಿಲ್ಲ.

ಸ್ಕೂಲಿಗೆ ಇನ್ಸ್‌ಪೆಕ್ಟರು ಬಂದಿದ್ದರು. ಭೂಗೋಳದ ಪಾಠದಲ್ಲಿ ಹುಡುಗನೊಬ್ಬ ಕಾವೇರಿ ಶಿವನಸಮುದ್ರದಲ್ಲಿ ಧುಮುಕಿ ಕರೆಂಟು ಹೊಡೆಸಿಕೊಳ್ಳುತ್ತದೆ ಎಂದ. ಇನ್ಸ್‌ಪೆಕ್ಟರು ಅರ್ಧ ಗಂಟೆ ನಕ್ಕರು. ಅಳಿಯಂದಿರಿಗೆ ಹೇಳು, ಅವರ ಪವರ್ ಹೌಸಿನ ಕೀರ್ತಿ ಇಲ್ಲಿಯವರೆಗೂ ಹಬ್ಬಿದೆ.

ನೀನು ಕೇಳಿದ್ದಕ್ಕೆ ಸಾವಕಾಶವಾಗಿ ಬರೆಯುತ್ತೇನೆ. ಈಗ ಪರೀಕ್ಷೆಯ ಗಡಿಬಿಡಿ.

ನಿನ್ನ ಚಿಕ್ಕಪ್ಪ,
ಸಿದ್ದರಾಮು


ಬೆಳಕವಾಡಿ
೬–೫–೧೯೪೪

ಚಿಕ್ಕಪ್ಪನವರಿಗೆ,

ಇನ್ಸ್‌ಪೆಕ್ಟರ ಸಂಗತಿ ಇವರಿಗೆ ಹೇಳಿದೆ. ನಕ್ಕರು. ನಾನು ಕೇಳಿದ್ದಕ್ಕೆ ಉತ್ತರ ಬಂದ ಮೇಲೆ ಉಳಿದದ್ದನ್ನು ಬರೆಯುತ್ತೇನೆ.

ಯಶೋದೆ


ಕೊಪ್ಪ
೨೦–೮–೧೯೪೪

ಯಶೋದಾ,

ಅಣ್ಣನ ತಿಥಿ ಮುಗಿದು ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಜ್ವರ ಬಂದದ್ದು, ಅವನು ಹೋದದ್ದು, ಎಲ್ಲ ನಾಲ್ಕು ದಿನದಲ್ಲಿ ಆಗಿಹೋಯಿತು. ನೀನು ಇದ್ದ ಅಷ್ಟೂ ದಿನ ನನ್ನೊಂದಿಗೆ ಒಂದು ಮಾತನ್ನೂ ಆಡಲಿಲ್ಲ. ನನಗೆ ಕಾಫಿಯನ್ನು ಚಿಕ್ಕಮ್ಮನ ಕೈಲಿ ಕಳಿಸಿದೆ. ಹೊರಡುವಾಗ ನನ್ನ ಕಾಲಿಗೆ ಬಿದ್ದೆ, ಮುಖ ನೋಡಲಿಲ್ಲ. ಗಾಡಿಯ ಹಿಂದೆ ನಾನು ಊರಬಾಗಿಲವರೆಗೂ ಬಂದೆ. ನೀನು ತಿರುಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆನೇನೋ. ಈಗ ಬರೆಯುತ್ತೇನೆ.

ಇದನ್ನು ನಾಲ್ಕು ಸಲ ಬರೆದು ಹರಿದೆ. ನಾಲ್ಕು ಸಲವೂ ಎಲ್ಲೋ ಒಂದು ಕಡೆ ತಮಾಷೆ ನುಸುಳಿತು. ನನಗೆ ಬೇರೆ ರೀತಿ ಬರೆಯಲು ಬರುವುದಿಲ್ಲ. ಆದರೂ ಕೇಳು.

ಡಾಕ್ಟರು ಮರೆತಿಲ್ಲ. ನಾನೂ ಮರೆತಿಲ್ಲ. ಅವರು ಅವತ್ತು ಇಂಗ್ಲಿಷಿನ ಒಂದು ಪದವನ್ನೂ ಆಡಿರಲಾರರು, ಏಕೆಂದರೆ ಆ ಕೋಣೆಯಲ್ಲಿ ಇಂಗ್ಲಿಷು ಬಲ್ಲವರು ಅವರನ್ನು ಬಿಟ್ಟರೆ ಇನ್ನು ಯಾರೂ ಇರಲಿಲ್ಲ. ಕಾಂಪೌಂಡರು ಸೂಜಿ ಕಲಿಸಿ ಮುಗಿಸಿದ ಮೇಲೆ, ಬನ್ನಿ ಪಥ್ಯ ಹೇಳುತ್ತೇನೆ ಎಂದು ಡಾಕ್ಟರು ಕರೆದರು. ನೀನು ಹೋಗಿ ಕೂತಿರು, ಈಗ ಬಂದೆ, ಎಂದು ಅಣ್ಣನನ್ನು ಒಳಗೆ ಕಳಿಸಿದೆ. ಬೀದಿಯ ಆಚೆ ಬದಿಗೆ ಒಂದು ಹೋಟೆಲಿತ್ತು. ಬರುವಾಗಲೇ ನೋಡಿಕೊಂಡಿದ್ದೆ, ಗಾಜಿನ ಪೆಟ್ಟಿಗೆಯಲ್ಲಿ ಆಗಷ್ಟೇ ಕೊಯ್ದಿಟ್ಟ ಮೈಸೂರು ಪಾಕಿತ್ತು. ಅಣ್ಣನ ಕೈ ಹಿಡಿದು ಶಪಥ ಮಾಡಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಇದೇ ಕೊನೆಯದು ಎಂದುಕೊಂಡು ಒಂದು ತಿಂದೆ. ಆಮೇಲೆ ಇನ್ನೊಂದು ತಿಂದೆ. ನಾನು ತಿನ್ನುತ್ತಿದ್ದಾಗ ಡಾಕ್ಟರು ಅಣ್ಣನಿಗೆ ಬೆಲ್ಲದ ವಿಷಯ ಹೇಳುತ್ತಿದ್ದರು.

ನಾನು ತಿರುಗಿ ಬರುವಷ್ಟರಲ್ಲಿ ಅಣ್ಣ ಬಾಗಿಲಲ್ಲಿ ನಿಂತಿದ್ದ. ಡಾಕ್ಟರು ಏನೆಂದರು ಎಂದು ನಾನು ಕೇಳಲಿಲ್ಲ. ಕೇಳಿದರೆ ನೀನೆಲ್ಲಿದ್ದೆ ಎಂದಾನು ಎಂಬ ಅಳುಕು. ಸಕ್ಕರೆ ಕಾಯಿಲೆಗೆ ಇನ್ನೇನು ಹೇಳಿಯಾರು, ಸಿಹಿ ತಿನ್ನಬೇಡ ಎಂದಿರುತ್ತಾರೆ, ಅಷ್ಟೇ ತಾನೆ ಎಂದುಕೊಂಡೆ. ಊರಿಗೆ ಬಂದು ನಿನ್ನ ಚಿಕ್ಕಮ್ಮನ ಮುಂದೆ ಅದನ್ನೇ ನನ್ನ ಇಂಗ್ಲಿಷಿನಲ್ಲಿ ಮುಳುಗಿಸಿ ಬಡಿಸಿದೆ. ನಿನಗೂ ಬರೆದೆ. ಡಿಸೆಂಬರಿನಲ್ಲಿ ಅಣ್ಣ ಬೆಲ್ಲದ ಮಾತೆತ್ತಿದಾಗ ಒಂದು ದಿನ ಮಂಡ್ಯಕ್ಕೆ ಹೋಗಿ ಕೇಳಿ ಬರಬಹುದಿತ್ತು. ಯಾಕ್ರೀ ಹೆಡ್‌ಮಾಸ್ಟರೇ, ಅವತ್ತು ನೀವು ಎಲ್ಲಿಗೆ ಹೋಗಿದ್ದಿರಿ ಎಂದು ಡಾಕ್ಟರು ಕೇಳಿಬಿಟ್ಟರೆ? ಆ ನಾಚಿಕೆಗೆ ಹೋಗಲಿಲ್ಲ. ಅಣ್ಣನನ್ನು ಸುಳ್ಳುಗಾರನೆಂದು ನಂಬುವುದು ಅದಕ್ಕಿಂತ ಸುಲಭವಾಗಿತ್ತು.

ಅವನಿಗೆ ಎಲ್ಲ ಗೊತ್ತಿತ್ತು. ಜಗಲಿಯ ಮೇಲೆ ನಾನು ನಕ್ಕಾಗ ನನ್ನ ಮುಖ ನೋಡಿದನೆಂದು ಬರೆದಿದ್ದೆನಲ್ಲ, ನೀನು ಅಲ್ಲಿರಲಿಲ್ಲ ಕಣ್ಲಾ ಎಂಬ ಒಂದು ಮಾತು ಆಡಿದ್ದರೆ ಸಾಕಿತ್ತು. ನನ್ನ ಹೆಂಡತಿಯ ಮುಂದೆ ಅವನು ಅದನ್ನು ಆಡಲಿಲ್ಲ. ನಿನಗೆ ಕಾಗದ ಬರೆಸುವಾಗಲೂ ಆಡಲಿಲ್ಲ.

ಅವತ್ತು ಮಂಡ್ಯದಿಂದ ಮದ್ದೂರಿಗೆ ರೈಲಿನಲ್ಲಿ ಎದುರುಬದುರು ಕೂತಿದ್ದೆವು. ನಾನು ಪಥ್ಯದ ಮೇಲೆ ದೊಡ್ಡ ಉಪನ್ಯಾಸ ಮಾಡುತ್ತಿದ್ದೆ. ಎದುರು ಸೀಟಿನವರೂ ಕೇಳುತ್ತಿದ್ದರು. ಬಾಯಿ ಹತೋಟಿಯಲ್ಲಿರಬೇಕು ಅಣ್ಣ, ನನ್ನನ್ನು ನೋಡಿ ಕಲಿ, ಎಂದೆ. ಅವನು ಹೂಂ ಎಂದ. ಸ್ವಲ್ಪ ಹೊತ್ತು ಕಿಟಕಿಯ ಆಚೆ ಕಬ್ಬಿನ ಗದ್ದೆಗಳನ್ನು ನೋಡುತ್ತಿದ್ದವನು, ಮುಂದಕ್ಕೆ ಬಾಗಿ, ಬೇರೆ ಯಾರಿಗೂ ಕೇಳದ ಹಾಗೆ ಮೆಲ್ಲಗೆ ಹೇಳಿದ:

'ಮೀಸೆ ಒರಸ್ಕಳ್ಲಾ ಸಿದ್ದ. ಪುಡಿ ಅಂಟದೆ. ನಿನ್ ಎಂಡ್ರು ನೋಡ್ಬುಟ್ಟಾಳು.'

ನಾನು ಒರಸಿಕೊಂಡೆ.

ಸಿದ್ದರಾಮು